ಮುಷ್ಟಿಯಗಲದ ಸಂದು

ನಮ್ಮೂರನ್ನು ನಕಾಶೆಯಲ್ಲಿ ಹುಡುಕಿ ಕಣ್ಣು ಕೆಡಿಸಿಕೊಳ್ಳಬೇಡಿ. ಅಳತೆಗೆಂದು ಬಂದಿದ್ದ ಸರ್ವೆಯವನು ನಮ್ಮಲ್ಲಿ ಹುರುಳಿಕಟ್ಟಿನ ಸಾರಿನೊಂದಿಗೆ ಎರಡು ಮುದ್ದೆ ಉಂಡು ಮಲಗಿದವನು ಮೂರು ದಿನ ಏಳಲಿಲ್ಲ. ಎದ್ದವನು ತಾನು ಬಂದದ್ದೇಕೆ ಎಂಬುದನ್ನೇ ಮರೆತು ಹೊರಟುಹೋದ. ಮೂರು ದಿನ ಅಂದೆನೆ? ಒಂಬತ್ತು ದಿನ. ಊರಿನ ವಿಚಾರ ಆಮೇಲಾಯಿತು, ಮೊದಲು ನನ್ನ ವಿಚಾರ ಕೇಳಿ. ನಾನು ಕಲ್ಲುಕುಟಿಗ ತಿರುಮಲ. ನಾನು ಉಳಿ ಸುತ್ತಿಗೆ ಹಿಡಿದು ಗುಡ್ಡದ ಕಡೆ ಹೊರಟರೆ ಬಂಡೆಗಳು ತಾವಾಗಿಯೇ ಸೀಳಿಕೊಂಡು, ‘ಎಷ್ಟು ಮೊಳ ಬೇಕು, ಮೇಸ್ತ್ರಿ?’ ಎಂದು ಕೇಳುತ್ತಿದ್ದ ಕಾಲವೊಂದಿತ್ತು. ನಾನು ಕೂರಿಸಿದ ಎರಡು ಕಲ್ಲುಗಳ ನಡುವೆ ಇರುವೆ ಹೋಗಲಾರದು, ಗಾಳಿ ಹೋಗಲಾರದು, ಊರಿನ ಗಾಳಿಮಾತು ಕೂಡ ಹೋಗಲಾರದು. ನನ್ನ ಎಡಗಾಲಿನ ಹೆಬ್ಬೆರಳ ಮೇಲೆ ಅರ್ಧಚಂದ್ರದಂಥ ಗಾಯದ ಗುರುತಿದೆ. ಕೆರೆಯ ಕೆಲಸದಲ್ಲಿದ್ದಾಗ ಮೊಸಳೆ ಕಚ್ಚಿದ್ದು. ಮುರಿದದ್ದು ಮೊಸಳೆಯ ಹಲ್ಲು. ಆ ಕಥೆ ಹೇಳಿ ಇಲ್ಲಿಯವರೆಗೆ ಇಬ್ಬರನ್ನು ಮೂರ್ಛೆ ಬೀಳಿಸಿದ್ದೇನೆ.

ಇನ್ನು ಊರು. ನಮ್ಮೂರಲ್ಲಿ ಮದುವೆಗೆ ಪುರೋಹಿತರು, ಓಲಗ, ಒಬ್ಬಟ್ಟು ಎಲ್ಲ ಇದ್ದೇ ಇರುತ್ತವೆ. ಆದರೆ ಮದುವೆ ಮಾಡಿಸುವುದು ಮೀನು. ಗಂಡು ಹೆಣ್ಣು ಕೈಹಿಡಿದು ಕೆರೆಯ ಅಂಚಿನಲ್ಲಿ ಕಣಕಾಲುದ್ದ ನೀರಿನಲ್ಲಿ ನಿಲ್ಲಬೇಕು. ಒಬ್ಬೊಬ್ಬರೂ ಇನ್ನೊಬ್ಬರಿಗೆ ಒಂದು ನಿಜ ಹೇಳಬೇಕು. ಎರಡೂ ನಿಜವಾಗಿದ್ದರೆ ಮೀನೊಂದು ಅವರ ಕಾಲ ಬಳಿ ಬಂದು, ತಲೆಯೆತ್ತಿ, ಮೂರು ಗುಳ್ಳೆ ಬಿಡುತ್ತದೆ. ಮೂರನೆಯ ಗುಳ್ಳೆ ಒಡೆದ ಕ್ಷಣದಿಂದ ಅವರು ಗಂಡ ಹೆಂಡತಿ. ಅಲ್ಲಿಯವರೆಗೆ ಬರೀ ಒದ್ದೆಯಾದ ನೆಂಟರು. ನಮ್ಮ ತಾತ ಮುತ್ತಾತಂದಿರೆಲ್ಲ ಹಾಗೆಯೇ ಮದುವೆಯಾದದ್ದು. ನನ್ನಪ್ಪ ಅವ್ವನಿಗೆ, ‘ನಾನು ನಿದ್ದೆಯಲ್ಲಿ ಒದೀತೀನಿ’ ಅಂದನಂತೆ. ಅಷ್ಟಕ್ಕೇ ಮೀನು ಬಂತಂತೆ.

ಅಂಥ ಊರಿನಲ್ಲಿ ಹನ್ನೊಂದು ವರ್ಷದಿಂದ ಒಂದೂ ಮದುವೆಯಾಗಿರಲಿಲ್ಲ. ಮೀನು ಅಂಚಿಗೆ ಬರುವುದನ್ನೇ ಬಿಟ್ಟಿತ್ತು. ನಡುಗೆರೆಯಲ್ಲೆಲ್ಲೋ ಒಂದೆರಡು ಪಳಕ್ಕನೆ ಹೊರಳುತ್ತಿದ್ದವು, ಅಷ್ಟೇ. ಮದುವೆ ಗೊತ್ತಾದ ಹದಿನೇಳು ಜೋಡಿಗಳು ಹಾಗೇ ಉಳಿದಿದ್ದವು. ದಿನಾ ಸಂಜೆ ಕೆರೆ ಏರಿಯ ಮೇಲೆ, ನಡುವೆ ಒಂದು ಗೇಣು ಜಾಗ ಬಿಟ್ಟು, ಸಾಲಾಗಿ ಕೂರುತ್ತಿದ್ದರು. ಮದುವೆಗೆಂದು ನೀರಿಗಿಳಿಯುವವರೆಗೆ ಒಬ್ಬರನ್ನೊಬ್ಬರು ಮುಟ್ಟುವಂತಿರಲಿಲ್ಲ. ಅತ್ತೆಯಾಗಬೇಕಾದವರು ಸುಮ್ಮನೆ ಕಾಯಲಾರದೆ ಸೊಸೆಯಾಗಬೇಕಾದವರ ಜೊತೆ ಮುಂಗಡವಾಗಿಯೇ ಜಗಳ ಶುರುಮಾಡಿದ್ದರು. ಓಲಗದ ಚೆನ್ನಿಗನ ಪಾಡಂತೂ ಕೇಳುವುದೇ ಬೇಡ. ಊದುವ ಚಟ ತಡೆಯಲಾರದೆ ಆಡು ಈದರೆ ಓಲಗ, ಹಸು ಕಳೆದುಹೋದರೆ ಓಲಗ, ಸಿಕ್ಕರೂ ಓಲಗ. ಒಂದು ಜೋಡಿ ತಾಳ್ಮೆಗೆಟ್ಟು ಪಕ್ಕದೂರಿನ ಛತ್ರಕ್ಕೆ ಹೋಗಿ ತಾಳಿ ಕಟ್ಟಿಸಿಕೊಂಡು ಬಂತು. ನಮ್ಮ ಗಡಿಕಲ್ಲು ದಾಟುತ್ತಲೇ ತಾಳಿಯ ಮೂರು ಗಂಟೂ ತಾವಾಗಿಯೇ ಬಿಚ್ಚಿಕೊಂಡವು. ಮತ್ತೆ ಹೋಗಿ ಕಟ್ಟಿಸಿದರು, ಮತ್ತೆ ಬಿಚ್ಚಿಕೊಂಡವು. ಮೂರನೆಯ ಸಲ ಹುಡುಗಿಯೇ, ‘ಸಾಕು, ಕತ್ತು ಕೆರೀತದೆ’ ಅಂದುಬಿಟ್ಟಳು.

ಆ ಹದಿನೇಳು ಜೋಡಿಗಳಲ್ಲಿ ಮೊದಲನೆಯದು ನನ್ನದು. ಹೆಣ್ಣು ದೇವೀರಿ. ಬಲೆ ಹೆಣೆಯುವ ಮನೆಯವಳು. ಅವಳು ಹಾಕಿದ ಗಂಟನ್ನು ಯಮನೂ ಬಿಚ್ಚಲಾರ. ನಿಶ್ಚಯದ ತಾಂಬೂಲ ಬದಲಾಯಿಸಿಕೊಂಡಾಗ ನನಗೆ ಮೂವತ್ತು, ಅವಳಿಗೆ ಇಪ್ಪತ್ತೈದು. ಆಮೇಲೆ ಹನ್ನೊಂದು ವರ್ಷ ಒಂದು ಗೇಣು ಜಾಗ.

ಕಾರಣ ಏನು ಎಂದು ಊರು ತಲೆ ಕೆಡಿಸಿಕೊಂಡಿತ್ತು. ನನ್ನನ್ನು ಕೇಳಿದವರಿಗೆ ನಾನು ಬೆಳ್ಳಕ್ಕಿಗಳ ಕಾಟ ಅನ್ನುತ್ತಿದ್ದೆ, ಧೂಮಕೇತು ಅನ್ನುತ್ತಿದ್ದೆ, ಪಂಚಾಯ್ತಿ ಅಧ್ಯಕ್ಷರ ಮೀಸೆ ನೀರಲ್ಲಿ ಕಂಡು ಮೀನು ಹೆದರುತ್ತವೆ ಅನ್ನುತ್ತಿದ್ದೆ. ಅಧ್ಯಕ್ಷ ಮರಿಮಾದಪ್ಪನವರು ಎರಡು ವಾರ ಮೀಸೆ ಬೋಳಿಸಿಕೊಂಡೂ ನೋಡಿದರು. ಪಾಪ, ಒಳ್ಳೆಯ ಮನುಷ್ಯ. ಹನ್ನೊಂದು ವರ್ಷದ ಹಿಂದೆ ಕ್ಯಾಲೆಂಡರೊಂದರಲ್ಲಿ ಯಾವುದೋ ಕೆರೆಯ ಚಿತ್ರ ಕಂಡು, ‘ಲೋ ತಿರುಮಲ, ನಮ್ಮ ಕೆರೆಗೂ ಇಂಥಾ ಕಲ್ಲಂಚು ಕಟ್ಟು, ಕೆಸರು ಅಂತ ಒಂದು ತೊಟ್ಟೂ ಕಾಣಬಾರದು’ ಅಂದವರು ಅವರೇ. ನಾನು ಕಟ್ಟಿದೆ. ಜೊಂಡು ಕಿತ್ತು, ಬೇರು ಕಡಿದು, ಇಳಿಜಾರು ಕೆತ್ತಿ, ಸುತ್ತ ಎದೆಮಟ್ಟದ ನೆಟ್ಟನೆಯ ಗೋಡೆ ಎಬ್ಬಿಸಿದೆ. ಹತ್ತು ಹರದಾರಿ ಉದ್ದ! ಸರಿ, ಅರ್ಧ ಹರದಾರಿ. ಕೊನೆಯ ಕಲ್ಲಿಟ್ಟ ಮರುದಿನ ಅಧ್ಯಕ್ಷರು ನನಗೆ ಚೆಂಡುಹೂವಿನ ಹಾರ ಹಾಕಿದರು. ಅದು ಬಾಡಿ ಪುಡಿಯಾದರೂ ಗೂಟಕ್ಕೆ ನೇತುಹಾಕಿಕೊಂಡಿದ್ದೆ. ಗೋಡೆ ಬಾಗುವ ಅತ್ತಿಮರದ ತಿರುವಿನಲ್ಲಿ ನೀರೊಳಗೆ ಏನಾದರೂ ಇತ್ತೇ ಎಂದು ಆವಾಗ ಯಾರೋ ಕೇಳಿದ್ದರು. ಬರೀ ಕೆಸರು ಅಂದಿದ್ದೆ.

ಮೀನುಗಳು ಮುನಿಸಿಕೊಂಡಿವೆ ಎಂದು ಊರು ತೀರ್ಮಾನಿಸಿತು. ಮುನಿದ ಬೀಗರನ್ನು ಒಲಿಸುವುದು ನಮಗೆ ಗೊತ್ತಿರುವ ವಿದ್ಯೆ. ‘ಮತ್ಸ್ಯಬಂಧುಗಳಿಗೆ ಆದರದ ಕರೆಯೋಲೆ’ ಎಂದು ಅಚ್ಚುಹಾಕಿಸಿ, ನೆನೆಯದಂತೆ ಮೇಣ ಬಳಿದು, ಸಾವಿರ ಕಾಗದ ಕೆರೆಗೆ ಬಿಟ್ಟರು. ಅಂಚಿನಲ್ಲಿ ರಂಗೋಲಿ ಹಾಕಿದರು. ಚಿರೋಟಿ ಮುಳುಗಿಸಿದರು. ಚೆನ್ನಿಗ ತೆಪ್ಪದಲ್ಲಿ ಕೂತು ನಡುಗೆರೆಗೆ ಹೋಗಿ ಮೂರು ಗಂಟೆ ಊದಿದ. ಪಳಕ್ಕನೆ ಹೊರಳುತ್ತಿದ್ದ ಒಂದೆರಡು ಮೀನುಗಳೂ ತಳ ಸೇರಿಬಿಟ್ಟವು.

ಅವತ್ತು ಸಂಜೆ ದೇವೀರಿ ಏರಿಯ ಮೇಲೆ ಎದ್ದು ನಿಂತಳು. ‘ಬೀಗರು ಮುನಿದಿಲ್ಲ ಕಣ್ರಪ್ಪ. ಬಂದ ಬೀಗರಿಗೆ ಕೂರೋಕೆ ಜಾಗ ಎಲ್ಲಿಟ್ಟಿದ್ದೀರಿ? ಮೀನಿಗೆ ಮೊಟ್ಟೆ ಇಡೋಕೆ ಜೊಂಡು ಬೇಕು, ಮರಿ ಅಡಗೋಕೆ ಬೇರು ಬೇಕು, ಮೇಯೋಕೆ ಕೆಸರು ಬೇಕು. ಇಲ್ಲಿ ಏನೈತೆ? ಕಲ್ಲು. ನಿಮ್ಮನೇಲಿ ಬಾಣಂತೀನ ಗೋಡೆ ಮ್ಯಾಲೆ ಮಲಗಿಸ್ತೀರಾ?’

‘ಅಂದ್ರೆ ಏನ್ಮಾಡ್ಬೇಕು ತಾಯಿ?’ ಅಂದರು ಅಧ್ಯಕ್ಷರು.

‘ಗೋಡೆ ಕೆಡವ್ಬೇಕು.’

ಎಲ್ಲರೂ ನನ್ನತ್ತ ತಿರುಗಿದರು. ಆ ಗೋಡೆ ಅಂದರೆ ನಾನು, ನಾನು ಅಂದರೆ ಆ ಗೋಡೆ. ‘ಅದನ್ನ ಕೆಡವೋಕೆ ಆಗಲ್ಲ,’ ಅಂದೆ. ‘ಭೂಕಂಪ ಬಂದು ನೋಡಿ, ಕ್ಷಮಿಸಪ್ಪ ಅಂತ ವಾಪಸ್ ಹೋಗೈತೆ.’

ದೇವೀರಿ ನಗಲಿಲ್ಲ. ‘ಮೇಸ್ತ್ರಿ, ನನಗೀಗ ಮೂವತ್ತಾರು. ಪುನರ್ವಸು ಮಳೆ ಮುಗಿಯೋವರೆಗೆ ಕಾಯ್ತೀನಿ. ಅಷ್ಟರಲ್ಲಿ ಮೀನು ಬರಲಿಲ್ಲ ಅಂದ್ರೆ ತಾಂಬೂಲ ವಾಪಸ್ ಕಳಿಸಿ, ತೆಪ್ಪ ಹತ್ತಿ ಕೆರೆಯಾಚೆ ನಮ್ಮಣ್ಣನ ಊರಿಗೆ ಹೋಗ್ತೀನಿ. ಅಲ್ಲಿ ಮದುವೆಗೆ ಮೀನು ಬೇಕಿಲ್ವಂತೆ. ಗಂಡು ಇದ್ರೆ ಸಾಕಂತೆ.’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಹೇಳಿದರೆ ನನ್ನ ಗೌರವಕ್ಕೆ ಕುಂದು, ಆದ್ದರಿಂದ ಹೇಳುವುದಿಲ್ಲ. ಬೆಳಗ್ಗೆ ಹಾರೆ ಹೆಗಲಿಗೇರಿಸಿಕೊಂಡು ಕೆರೆಗೆ ಹೋದೆ.

ಅದು ಬಿರುಬೇಸಿಗೆ, ಕೆರೆ ಇಳಿದಿತ್ತು. ಕರೆಯದೆಯೇ ಊರಿಗೆ ಊರೇ ಬಂತು. ಮೊದಲ ಕಲ್ಲು ಕೀಳಲು ಹನ್ನೆರಡು ಜನ, ಆರು ಹಾರೆ, ಒಂದು ಇಡೀ ದಿನ ಹಿಡಿಯಿತು. ಎರಡು ಹಾರೆ ಬಾಗಿದವು. ಬಾಗಿದ ಹಾರೆ ಎತ್ತಿ ಎಲ್ಲರಿಗೂ ತೋರಿಸುತ್ತಾ, ‘ನೋಡಿದ್ರಾ ಕೆಲಸ? ನೋಡಿದ್ರಾ?’ ಎಂದು ನಾನು ಓಡಾಡುತ್ತಿದ್ದರೆ ದೇವೀರಿ, ‘ಮೆರವಣಿಗೆ ಆಮೇಲೆ ಮಾಡೋಣ, ಈಗ ಇನ್ನೊಂದು ಹಾರೆ ಹಿಡಿ’ ಅಂದಳು. ದಿನಕ್ಕಿಷ್ಟು ಎಂದು ಕೆಡವುತ್ತಾ ಹೋದೆವು. ಕೆಡವಿದ ಕಡೆ ಮಣ್ಣು ಸುರಿದು, ಎಮ್ಮೆ ಹೊರಳಿಸಿ, ಕೆಸರಿನ ಇಳಿಜಾರು ಮಾಡಿದೆವು. ಮೇಲಿನ ಕಾಲುವೆಯಿಂದ ಬೇರು ಸಮೇತ ಜೊಂಡು ತಂದು ನೆಟ್ಟೆವು. ಹೊಂಗೆಯ ಕೊಂಬೆಗಳನ್ನು ಹೊರೆ ಕಟ್ಟಿ, ದೇವೀರಿ ಗಂಟು ಹಾಕಿ, ನಾನು ಕಲ್ಲು ಕಟ್ಟಿ ಮುಳುಗಿಸಿದೆವು. ಅತ್ತೆಯಂದಿರು ಮನೆಯಲ್ಲಿದ್ದ ಒಡಕು ಮಡಕೆಗಳನ್ನೆಲ್ಲ ಹೊತ್ತು ತಂದರು. ಒಂದಿಬ್ಬರು ಸೊಸೆಯ ತವರಿನಿಂದ ಬಂದಿದ್ದ ಹೊಸ ಮಡಕೆಯನ್ನೂ ಬೇಕೆಂದೇ ಒಡೆದು ತಂದರು ಎಂಬ ಮಾತಿದೆ. ಚೆನ್ನಿಗನಿಗೆ ಮಾತ್ರ ಊದಕೂಡದು ಎಂದು ಕಟ್ಟಪ್ಪಣೆ. ಅವನು ಕೆಸರಲ್ಲಿ ಮೊಣಕಾಲುದ್ದ ಹೂತು ನಿಂತು, ಜೊಂಡು ನೆಡುತ್ತಾ, ಬಾಯಲ್ಲೇ ಪೀಪೀ ಅನ್ನುತ್ತಿದ್ದ.

ಇಷ್ಟರವರೆಗೆ ಸುಲಭ. ಕಷ್ಟ ಬಂದದ್ದು ಆಮೇಲೆ. ಕಿತ್ತ ಕಲ್ಲುಗಳನ್ನು ನೀರೊಳಗೆ ಗುಡ್ಡೆ ಮಾಡಿ ಮರಿಗಳಿಗೆ ಅಡಗುದಾಣ ಕಟ್ಟು ಎಂದು ದೇವೀರಿ ನನಗೆ ಹೇಳಿದಳು. ‘ಸಂದು ಬಿಟ್ಟು ಕಟ್ಟು ಮೇಸ್ತ್ರಿ. ನನ್ನ ಮುಷ್ಟಿ ಒಳಗೆ ಹೋಗ್ಬೇಕು.’ ಸ್ವಾಮಿ, ನೀವು ಹಾಡುಗಾರನಿಗೆ ಅಪಸ್ವರ ಹಾಡು ಅಂದು ನೋಡಿ. ನನ್ನ ಕೈಗೆ ಸಂದು ಬಿಟ್ಟು ಗೊತ್ತಿಲ್ಲ. ಮೊದಲ ಗುಡ್ಡೆ ಕಟ್ಟಿ ಮುಗಿಸಿದಾಗ ಅದು ದೇವಸ್ಥಾನದ ಪೀಠದ ಹಾಗೆ ಕಾಣುತ್ತಿತ್ತು. ದೇವೀರಿ ಬಂದು ಮುಷ್ಟಿ ತೂರಿಸಲು ನೋಡಿದಳು, ಬಳೆ ಒಡೆಯಿತು. ‘ಕೀಳು,’ ಅಂದಳು. ಎರಡನೆಯದಕ್ಕೆ ಬೆರಳು ಹೋಯಿತು, ಮುಷ್ಟಿ ಹೋಗಲಿಲ್ಲ. ‘ಕೀಳು.’ ಮೂರನೆಯದರಲ್ಲಿ ಕಣ್ಣು ಮುಚ್ಚಿಕೊಂಡು ಹೇಗೋ ಸಂದು ಬಿಟ್ಟೆ. ಆದರೆ ಮನೆಗೆ ಹೋದರೆ ಊಟ ಇಳಿಯಲಿಲ್ಲ. ಆ ಸಂದುಗಳು ಬಾಯಿ ತೆರೆದು ನನ್ನನ್ನು ಅಣಕಿಸುತ್ತಿದ್ದವು. ಬೆಳಕು ಹರಿಯುತ್ತಲೇ ಹೋಗಿ ಚೂರುಕಲ್ಲು ತುರುಕಿ ಮುಚ್ಚತೊಡಗಿದೆ. ಬೆನ್ನ ಹಿಂದಿನಿಂದ ದನಿ ಬಂತು. ‘ಏನ್ ಮೇಸ್ತ್ರಿ, ಕಳ್ಳರು ರಾತ್ರಿ ಬಂದು ಕೆಡವೋದು ಕೇಳಿದ್ದೆ. ಬೆಳಗ್ಗೆ ಬಂದು ಕಟ್ಟೋ ಕಳ್ಳನ್ನ ಇವತ್ತೇ ನೋಡಿದ್ದು.’

‘ನನಗೆ ನಿನ್ನ ಮುಷ್ಟಿ ಅಳತೆ ಗೊತ್ತಿಲ್ಲ,’ ಅಂದೆ. ಹಾಗೆಂದದ್ದು ನೆಪಕ್ಕೆ. ಆದರೆ ನಿಜವೂ ಆಗಿತ್ತು. ಹನ್ನೊಂದು ವರ್ಷದಲ್ಲಿ ಆ ಕೈ ಮುಟ್ಟಿದವನಲ್ಲ ನಾನು.

ಅವಳು ಮುಷ್ಟಿ ಬಿಗಿದು ಮುಂದೆ ಚಾಚಿದಳು. ‘ದಾರದಲ್ಲಿ ಅಳೆದುಕೊ. ಕೈ ತಗಲಿಸ್ಬೇಡ.’ ನಾನು ಗೋಡೆಯ ನೇರ ನೋಡುವ ತೂಗುಗುಂಡಿನ ದಾರ ತೆಗೆದು, ಅವಳ ಮುಷ್ಟಿಯ ಸುತ್ತ ಒಂದು ಸುತ್ತು ಹಾಕಿ, ಗಂಟು ಹಾಕಿ ಗುರುತು ಮಾಡಿಕೊಂಡೆ. ಬಲೆಯ ನೂಲು ಎಳೆದೆಳೆದು ಬೆರಳ ಗಿಣ್ಣುಗಳು ಗಟ್ಟಿಯಾಗಿದ್ದವು. ಸಾವಿರಾರು ಬಂಡೆ ಅಳೆದ ನಾನು ಆವತ್ತು ಆ ಒಂದು ಗಂಟಿಗೆ ಮೂರು ಸಲ ತಡಕಾಡಿದೆ. ತಡಕಾಡಲಿಲ್ಲ ಅನ್ನಿ. ಚಳಿಯಿತ್ತು, ಬೇಸಿಗೆಯಾದರೂ ನಮ್ಮೂರಲ್ಲಿ ಬೆಳಗ್ಗೆ ಭಾರಿ ಚಳಿ. ಅಂದಿನಿಂದ ಒಂದೊಂದು ಸಂದನ್ನೂ ಆ ದಾರ ಹಿಡಿದು ಬಿಟ್ಟೆ. ನಲವತ್ತೆರಡು ಗುಡ್ಡೆ. ಕಲ್ಲು ಕೂರಿಸಲು ಯಾವನೂ ಕಲಿಯುತ್ತಾನೆ. ಕಲ್ಲುಗಳ ನಡುವೆ ಜಾಗ ಕೂರಿಸಲು ನನ್ನಂಥವನೇ ಬೇಕು.

ಉಳಿದದ್ದು ಅತ್ತಿಮರದ ತಿರುವು. ಅದನ್ನು ಕೆಡವುವುದನ್ನು ನಾನು ದಿನ ದಿನವೂ ಮುಂದಕ್ಕೆ ಹಾಕುತ್ತಾ ಬಂದಿದ್ದೆ. ‘ಅಲ್ಲಿ ಬರೀ ಕೆಸರಿತ್ತು, ಅಷ್ಟುದ್ದ ಗೋಡೆ ನೆನಪಿಗಿರಲಿ ಬಿಡಿ’ ಅಂದೆ. ‘ನಮ್ಮಪ್ಪ ಅದನ್ನೇ ಮೀನಿನ ತವರು ಅಂತಿದ್ದ,’ ಅಂದಳು ದೇವೀರಿ. ಕೊನೆಗೆ ಮೃಗಶಿರಾ ಮಳೆಯ ಮೊದಲ ಹನಿ ಬಿದ್ದ ದಿನ ಹಾರೆ ಹಿಡಿದು ಒಬ್ಬನೇ ಹೋಗಿ ಕಲ್ಲು ಕಿತ್ತೆ. ಅಡಿಯಲ್ಲಿ ನೋಡಿದರೆ ನಿಜವಾಗಿಯೂ ಬರೀ ಕೆಸರಿತ್ತು. ಹನ್ನೊಂದು ವರ್ಷದ ಮೇಲೆ ಮತ್ತೇನಿರುತ್ತದೆ? ಮಧ್ಯಾಹ್ನದವರೆಗೆ ನಾನು ಒಂದೂ ಮಾತಾಡಲಿಲ್ಲವೆಂದು ಅಧ್ಯಕ್ಷರು ಗಾಬರಿಯಾಗಿ ಡಾಕ್ಟರನ್ನು ಕರೆಸಿದರು. ಡಾಕ್ಟರು ನನ್ನ ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡಿ, ‘ಒಳಗೆ ಏನೋ ಸಿಕ್ಕಿಕೊಂಡಿರೋ ಹಾಗಿದೆ, ಕಾಣ್ತಾ ಇಲ್ಲ’ ಅಂದರು.

ಆ ತಿರುವಿನಲ್ಲೂ ಜೊಂಡು ನೆಟ್ಟು, ಸಂದು ಬಿಟ್ಟು ಕಲ್ಲುಗುಡ್ಡೆ ಕೂರಿಸುವಷ್ಟರಲ್ಲಿ ಆರಿದ್ರಾ ಮಳೆ ಹಿಡಿದು ಹೊಡೆಯಿತು. ಕೆರೆ ಏರುತ್ತಾ ಜೊಂಡಿನ ಮೊಣಕಾಲು ಮುಟ್ಟಿತು, ಸೊಂಟ ಮುಟ್ಟಿತು. ನಾವು ಕೊಡೆ ಹಿಡಿದು ಇಣುಕುವುದೇ ಇಣುಕುವುದು. ಕಪ್ಪೆ ಬಂದವು, ನೀರುಕೋಳಿ ಬಂದವು, ಮೀನು ಕಾಣಲಿಲ್ಲ. ಪುನರ್ವಸು ಹುಟ್ಟಿತು. ಒಂದು ದಿನ ಕೊಂಬೆಹೊರೆಯ ಬಳಿ ನೀರು ಸುಮ್ಮಸುಮ್ಮನೆ ಜುಮ್ಮೆಂದಿತು. ಚೆನ್ನಿಗ ಓಲಗಕ್ಕೆ ಕೈಹಾಕಿದ. ನಾಲ್ಕು ಜನ ಅವನ ಮೇಲೆ ಬಿದ್ದು ಬಾಯಿ ಮುಚ್ಚಿದರು. ಮತ್ತೇನೂ ಆಗಲಿಲ್ಲ. ಹೀಗೆ ಪುನರ್ವಸುವಿನ ಕೊನೆಯ ದಿನ ಬಂದೇಬಂತು. ದೇವೀರಿಯ ಗಂಟುಮೂಟೆ ತೆಪ್ಪದಲ್ಲಿತ್ತು. ಮಧ್ಯಾಹ್ನಕ್ಕೆ ಹೊರಡುವುದೆಂದು ಮಾತು.

ಬೆಳಗ್ಗೆ ಮಳೆ ಬಿಟ್ಟ ಹೊತ್ತಿಗೆ ಹದಿನೇಳು ಜೋಡಿಗಳೂ ಪೆಟ್ಟಿಗೆಯ ಸೀರೆ ಪಂಚೆ ಉಟ್ಟು ಬಂದು ನಿಂತವು. ಹನ್ನೊಂದು ವರ್ಷದ ನುಸಿಗುಳಿಗೆಯ ವಾಸನೆಗೆ ಬೆಳ್ಳಕ್ಕಿಗಳೆಲ್ಲ ಎದ್ದು ಹೋದವು. ಯಾರು ಮೊದಲು? ನಾನಲ್ಲದೆ ಮತ್ಯಾರು! ದೇವೀರಿಯ ಕೈಹಿಡಿದು ಅತ್ತಿಮರದ ತಿರುವಿನಲ್ಲೇ ಇಳಿದೆ. ಅವಳೇ ಅಲ್ಲಿಗೆ ನಡೆದಳು, ನಾನು ಹಿಂದೆ ಹೋದೆ. ಕಾಲಡಿಯ ಕೆಸರು ತಣ್ಣಗಿತ್ತು.

ಮೊದಲು ಅವಳು ಹೇಳಿದಳು. ‘ಈ ಮೇಸ್ತ್ರಿದು ಒಂದಕ್ಕೆ ಹತ್ತು ಮಾತು. ಆದ್ರೂ ಅದನ್ನ ಕೇಳದ ದಿನ ನನಗೆ ಅನ್ನ ಸೇರಲ್ಲ.’

ಜೊಂಡು ಅಲುಗಿತು. ಏನೋ ಇತ್ತು ಅಲ್ಲಿ. ಈಗ ನನ್ನ ಸರದಿ.

‘ದೇವೀರಿ,’ ಅಂದೆ ಕಂಠ ಎತ್ತಿ, ‘ನಿನ್ನಂಥಾ ಚೆಲುವೆ ಹದಿನಾಲ್ಕು ಲೋಕದಲ್ಲೂ ಇಲ್ಲ.’

ಜೊಂಡು ಸ್ತಬ್ಧವಾಯಿತು. ‘ಹದಿಮೂರು ಲೋಕ ಯಾವಾಗ ಸುತ್ತಿ ಬಂದೆ?’ ಅಂದಳು ಅವಳು ಮೆಲ್ಲಗೆ.

‘ನಿನಗೋಸ್ಕರ ನಾನೊಬ್ಬನೇ ಇಡೀ ಗೋಡೆ ಕೆಡವಿದೆ.’

‘ನಾವೇನು ಕೆಸರಲ್ಲಿ ಕುಂಟೆಬಿಲ್ಲೆ ಆಡ್ತಿದ್ವಾ?’ ಎಂದು ಏರಿಯ ಮೇಲಿಂದ ಚೆನ್ನಿಗ ಕೂಗಿದ. ‘ತಿರುಮಲಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ನಿಜ ಹೇಳಣ್ಣ. ಚಿಕ್ಕದಾದ್ರೂ ಪರವಾಗಿಲ್ಲ!’

ಜೊಂಡಿನೊಳಗಿದ್ದದ್ದು ಹಿಂದಕ್ಕೆ ಸರಿಯುವುದು ನೀರಿನ ಗೆರೆಯಲ್ಲಿ ಕಂಡಿತು. ದೇವೀರಿ ತಲೆ ತಿರುಗಿಸಿ ತೆಪ್ಪದ ಕಡೆ ನೋಡಿದಳು. ಅವಳ ಬೆರಳುಗಳು ನನ್ನ ಕೈಯಲ್ಲಿ ಸಡಿಲವಾದವು. ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಆಗ ಹೊರಗೆ ಬಂತು.

‘ಇಲ್ಲಿ ಬರೀ ಕೆಸರಿತ್ತು ಅಂದಿದ್ನಲ್ಲ, ಅದು ಸುಳ್ಳು. ಇಲ್ಲಿ ಮೊಟ್ಟೆಯಿತ್ತು. ಜೊಂಡಿನ ನಡುವೆ, ನೀರಿನ ಮೇಲೆ, ಹಳದಿ ಹಳದಿಯಾಗಿ. ಕಾವಲಿಗೆ ಒಂದು ಕುಚ್ಚುಮೀನಿತ್ತು. ಓಡಿಸಿದೆ, ಹೋಗಲಿಲ್ಲ. ಮತ್ತೆ ಮತ್ತೆ ಬಂತು. ಮರುದಿನ ಹಾರ ಹಾಕಿಸಿಕೊಳ್ಳೋದಿತ್ತು. ಕಲ್ಲು ಇಟ್ಟುಬಿಟ್ಟೆ.’

ದೇವೀರಿ ನೀರೊಳಗೆ ನನ್ನ ಎಡಗಾಲನ್ನು ನೋಡುತ್ತಿದ್ದಳು.

‘ಈ ಗುರುತು?’

‘ಅದೇ ಕಚ್ಚಿದ್ದು.’

‘ಮೊಸಳೆ ಅಂದಿದ್ದೆ.’

‘ಮೀನು.’

‘ಎಷ್ಟುದ್ದ?’

ನನ್ನ ಕೈ ಅಭ್ಯಾಸದಂತೆ ಅಗಲಿಸಲು ಹೊರಟಿತು; ಆದರೆ ಒಂದು ಕೈ ಅವಳ ಕೈಯಲ್ಲಿತ್ತು. ‘ಒಂದು ಗೇಣು,’ ಅಂದೆ. ‘ಅಷ್ಟೂ ಇರಲಿಲ್ಲವೇನೋ.’

‘ಹನ್ನೊಂದು ವರ್ಷ ಆಡಿನ ಬಾಣಂತನಕ್ಕೆ ಓಲಗ ಊದಿಸಿದೆಯಲ್ಲೋ, ಪಾಪಿ!’ ಎಂದು ಚೆನ್ನಿಗ ಚೀರಿದ. ಹದಿನಾರು ಜೋಡಿಗಳೂ ಅತ್ತೆಯಂದಿರೂ ಒಟ್ಟಿಗೆ ಬಾಯಿ ತೆಗೆದರು. ಅಧ್ಯಕ್ಷರು ಮಾತ್ರ, ‘ಹಾರ ತಂದವನು ನಾನು, ನನಗೂ ಅರ್ಧ ಬೈಯಿರಿ’ ಎಂದು ಏರಿಯ ಮೇಲೆ ಕೂತುಬಿಟ್ಟರು. ಅವಳು ಕೈ ಬಿಡಿಸಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಹೋಗಲಿ, ಹೋಗಬೇಕಾದದ್ದೇ, ಎಂದೂ ಅಂದುಕೊಂಡೆ.

ಅವಳ ಕೈ ಬಿಗಿಯಿತು, ಎಲುಬು ಲಟಲಟ ಅನ್ನುವಷ್ಟು. ‘ಇದಕ್ಕೆ ನಿನ್ನ ಬೈಯೋಕೆ ಒಂದು ದಿನ ಸಾಲಲ್ಲ ಮೇಸ್ತ್ರಿ,’ ಅಂದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿನದೋ ಯಾವುದರದೋ. ‘ಒಂದು ಜನ್ಮ ಬೇಕು. ಮದುವೆಯಾಗದೆ ಅಷ್ಟು ಬೈದ್ರೆ ಊರು ಏನಂದುಕೊಳ್ತದೆ?’

ಆಗ ನೀರು ನನ್ನ ಹೆಬ್ಬೆರಳ ಬಳಿ ಅಲುಗಿತು. ಕೆಂಪಗೆ, ಮಸುಕಾಗಿ, ಮರಿಗಳ ಹಿಂಡೊಂದು ಕಲ್ಲುಗುಡ್ಡೆಯ ಸಂದಿನಿಂದ ಹೊಗೆಯಂತೆ ಹೊರಟು ಬಂತು. ನಾನು ದಾರ ಹಿಡಿದು ಬಿಟ್ಟ ಸಂದು. ಹಿಂಡು ಸ್ವಲ್ಪ ದೂರದಲ್ಲಿ ನಿಂತಿತು. ಒಂದೇ ಒಂದು ಮುಂದೆ ಬಂದು, ಆ ಹಳೆಯ ಗಾಯದ ಗುರುತಿಗೆ ಮೂತಿ ತಾಗಿಸಿ, ಕಚ್ಚದೆ, ತಲೆಯೆತ್ತಿತು. ಒಂದು ಗುಳ್ಳೆ. ಎರಡು. ಮೂರನೆಯದು ಸಾಸಿವೆ ಕಾಳಿನಷ್ಟಿತ್ತು. ಒಡೆದ ಸದ್ದು ನನಗೂ ದೇವೀರಿಗೂ ಬಿಟ್ಟು ಯಾರಿಗೂ ಕೇಳಿಸಿರಲಿಕ್ಕಿಲ್ಲ. ಆಮೇಲೆ ಯಾವುದೂ ಯಾರಿಗೂ ಕೇಳಿಸಲಿಲ್ಲ, ಏಕೆಂದರೆ ಚೆನ್ನಿಗ ಹನ್ನೊಂದು ವರ್ಷದ ಉಸಿರನ್ನೆಲ್ಲ ಒಟ್ಟು ಮಾಡಿ ಊದಿದ್ದ.

ಸಂಜೆಯೊಳಗೆ ಉಳಿದ ಹದಿನಾರು ಮದುವೆಗಳೂ ಆದವು. ನನ್ನನ್ನು ಯಾರೂ ಊಟಕ್ಕೆ ಕರೆಯಲಿಲ್ಲ; ಎಲ್ಲ ಕಡೆಯೂ ಹೋಗಿ ಉಂಡೆ, ಹದಿನಾರು ಊಟ. ದೇವೀರಿ ಹೇಳಿದಂತೆಯೇ ದಿನಾ ಬೆಳಗ್ಗೆ ಬೈಯುತ್ತಾಳೆ. ಬೈದು ಮುಗಿಸಿ, ತಿರುವಿಗೆ ಕರೆದುಕೊಂಡು ಹೋಗಿ, ಸಂದುಗಳಲ್ಲಿ ಮುಷ್ಟಿ ಹಾಕಿ ನೋಡಿ, ಹೂಳು ತೆಗೆಸುತ್ತಾಳೆ. ಗೂಟದ ಮೇಲಿನ ಹಾರ ತೆಗೆದು ಕೆರೆಗೆ ಹಾಕಿದೆ. ಅಲ್ಲಿ ಈಗ ತೂಗುಗುಂಡಿನ ದಾರವಿದೆ, ಗಂಟಿನ ಸಮೇತ.

ನಮಗೆ ಮದುವೆ ಮಾಡಿಸಿದ ಮೀನು ಎಷ್ಟು ದೊಡ್ಡದಿತ್ತು ಎಂದು ದಾರಿಹೋಕರು ಕೇಳುತ್ತಾರೆ. ನನ್ನ ಹೆಸರು ಕೇಳಿ ಬಂದವರು. ಎರಡೂ ಕೈ ಚಾಚುತ್ತೇನೆಂದು ಕಾಯುತ್ತಾ, ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಾರೆ. ನಾನು ಕಿರುಬೆರಳನ್ನಷ್ಟೇ ಎತ್ತಿ, ಅದರ ಉಗುರನ್ನು ತೋರಿಸುತ್ತೇನೆ. ಒಬ್ಬರೂ ನಂಬುವುದಿಲ್ಲ.